ಕಿಟಕಿ ಮೇಲಿನ ಮರದ ಕಸೂತಿ

ಕೊಟ್ಟಿಗೆಹಾರ, ಬಾಳೂರು ಕಡೆಯ ಕಾಫಿ ತೋಟಗಳಲ್ಲಿ ಹಳೇ ಬಂಗಲೆ ಕಂಡರೆ ಸಾಕು, 'ಬ್ರಿಟಿಷರ ಕಾಲದ್ದು' ಅಂತೀವಿ. ಹೋಮ್‌ಸ್ಟೇ ಜಾಹೀರಾತಿಗೆ ಬರುವಷ್ಟರಲ್ಲಿ ಅದು 'ವಿಕ್ಟೋರಿಯನ್' ಆಗಿರುತ್ತೆ. ವಿಕ್ಟೋರಿಯಾ ಆಳಿದ್ದು 1837ರಿಂದ 1901ರವರೆಗೆ. ಅಷ್ಟು ವರ್ಷಗಳಲ್ಲಿ ಹತ್ತಾರು ಶೈಲಿಗಳು ಬಂದು ಹೋದವು. ಹಾಗಾಗಿ ಆ ಪದ ಕಾಲವನ್ನು ಹೇಳುತ್ತೆ, ಶೈಲಿಯನ್ನಲ್ಲ.

ಬಾಳೂರಿನ ಅಂಥ ಒಂದು ಮನೆಯ ಕಿಟಕಿ ನೋಡೋಕೆ ನನ್ನನ್ನು ಕರೆದಿದ್ದರು. ಮರ ಕಿತ್ತು ಯುಪಿವಿಸಿ ಹಾಕಿಸುವ ಯೋಚನೆ ಗೌಡರದ್ದು. "ಇದು ಯಾವ ಸ್ಟೈಲು ಅಂತ ಹೇಳ್ಬಿಡಿ. ಬೆಲೆ ಇರೋದಾದ್ರೆ ಉಳಿಸ್ಕೊಳ್ಳೋಣ" ಅಂದರು. ಕಿಟಕಿಯ ಮೇಲೆ ಚೂಪು ತಲೆಯ ಪುಟ್ಟ ಮಾಡು. ಅದರೊಳಗೆ ಸಾಲಾಗಿ ಇಳಿಬಿಟ್ಟ ತೆಳು ಪಟ್ಟಿಗಳು. ಅಂಚಿನ ಹಲಗೆಯಲ್ಲಿ ಅರ್ಧಚಂದ್ರದ ಕೊರೆತ, ತುದಿಯಲ್ಲಿ ಈಟಿಯಂಥ ಮೊನೆ.

ಬೆಂಗಳೂರಿನವರಿಗೆ ಇದು ಗೊತ್ತು: ಮಂಕಿ ಟಾಪ್. 1809ರಲ್ಲಿ ಶುರುವಾದ ದಂಡು ಪ್ರದೇಶದ ಬಂಗಲೆಗಳಲ್ಲಿ ಬೆಳೆದು, ಆಮೇಲೆ ಮಲ್ಲೇಶ್ವರ, ಬಸವನಗುಡಿಯ ಮನೆಗಳಿಗೂ ಹತ್ತಿದ ಅಲಂಕಾರ. (ಮಲೆನಾಡಿನಲ್ಲಿ ಮಂಗಗಳಿಗೇನು ಬರವಿಲ್ಲ, ಅವು ಹೆಂಚಿನ ಮೇಲೇ ಕೂರುತ್ತವೆ.) ಇದರ ಬೇರು ಗಾಥಿಕ್ ಪುನರುಜ್ಜೀವನದಲ್ಲಿದೆ. ಹೊರೇಸ್ ವಾಲ್ಪೋಲ್ 1749ರಲ್ಲಿ ಲಂಡನ್ ಬಳಿ ತನ್ನ ಸ್ಟ್ರಾಬೆರಿ ಹಿಲ್ ಮನೆಯನ್ನು ಚರ್ಚಿನಂಥ ಚೂಪು ಕಮಾನುಗಳಿಂದ ತುಂಬಿಸತೊಡಗಿದ. ಮುಂದೆ ಕಲ್ಲಿನ ಆ ಕುಸುರಿಯನ್ನೇ ಬಡಗಿಗಳು ಮರದಲ್ಲಿ ಕೊರೆದರು. ಅಮೆರಿಕದಲ್ಲಿ ಡೌನಿಂಗ್ 1850ರಲ್ಲಿ ತಂದ ಪುಸ್ತಕದಂಥವುಗಳಲ್ಲಿನ ಚಿತ್ರ ನೋಡಿ ಊರ ಬಡಗಿಯೂ ಮನೆ ಕಟ್ಟಬಹುದಿತ್ತು. ಅಲ್ಲಿ ಅದಕ್ಕೆ 'ಕಾರ್ಪೆಂಟರ್ ಗಾಥಿಕ್' ಅನ್ನೋ ಹೆಸರೇ ನಿಂತಿದೆ.

ಗೌಡರು ಒಂದು ಹೆಂಚು ತಂದು ತೋರಿಸಿದರು. ಬೆನ್ನ ಮೇಲೆ ಬಾಸೆಲ್ ಮಿಷನ್ ಅಚ್ಚು, ಜೊತೆಗೆ 1865. "ಮನೆಗೆ ನೂರೈವತ್ತು ವರ್ಷ ದಾಟಿದೆ ನೋಡಿ." ಇಲ್ಲೇ ಬಹಳ ಜನ ಎಡವೋದು. 1865 ಮಂಗಳೂರಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ದಶಕಗಳ ನಂತರ ಬೆಂದ ಹೆಂಚಿನ ಮೇಲೂ ಅದೇ ಅಂಕಿ ಒತ್ತುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಕಾರ್ಖಾನೆ ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋಯಿತು, ಅಚ್ಚೂ ಬದಲಾಯಿತು. ಅಲ್ಲದೆ ಹೆಂಚು ಒಡೆಯುತ್ತೆ, ಬೇರೆ ಮನೆಯದ್ದನ್ನೂ ತಂದು ಹೊದಿಸ್ತಾರೆ.

ಮರ ಅಷ್ಟು ಸುಲಭಕ್ಕೆ ಸುಳ್ಳು ಹೇಳಲ್ಲ. ಹಲಗೆಯ ಹಿಂಬದಿಗೆ ಟಾರ್ಚ್ ಅಡ್ಡಲಾಗಿ ಹಿಡಿದು ನೋಡಬೇಕು. ಇಬ್ಬರು ಮೇಲೆ ಕೆಳಗೆ ನಿಂತು ಎಳೆದ ಗರಗಸವಾದರೆ ಗೆರೆಗಳು ನೇರ, ಆದರೆ ಏರುಪೇರು. ಯಂತ್ರದ ಚಕ್ರಗರಗಸವಾದರೆ ಕಮಾನಿನಂತೆ ಬಾಗಿರುತ್ತವೆ. ಮೊಳೆ ಚೌಕವೋ, ಇವತ್ತಿನ ಹಾಗೆ ದುಂಡಗಿನ ತಂತಿಯದ್ದೋ ನೋಡಬೇಕು. ಇಲ್ಲಿ ಗೆರೆ ನೇರವಿತ್ತು, ಮೊಳೆ ದುಂಡಗಿತ್ತು. ಅಂದರೆ ಕೈಯಲ್ಲಿ ಕೊಯ್ದ ಮರ, ಕಾರ್ಖಾನೆಯ ಮೊಳೆ. ಹತ್ತೊಂಬತ್ತನೇ ಶತಮಾನದ ಕೊನೆಗೋ ಇಪ್ಪತ್ತರ ಮೊದಲಿಗೋ ಸೇರಿಸಿದರೆ ತಪ್ಪಾಗಲ್ಲ. ಅರ್ಧಚಂದ್ರಗಳೂ ಒಂದರಂತೆ ಒಂದಿಲ್ಲ. ಅಳತೆಪಟ್ಟಿ ಇಟ್ಟರೆ ಕೈಯ ವ್ಯತ್ಯಾಸ ಕಾಣುತ್ತೆ. ಶೈಲಿ ಇಂಗ್ಲೆಂಡಿನದ್ದಾದರೂ ಕೊರೆದದ್ದು ಇಲ್ಲಿಯ ಬಡಗಿ ಅಂತ ನನ್ನ ಲೆಕ್ಕ.

ನಾನು ಹೇಳಿದ್ದು ಇಷ್ಟು: ಬೆಂಗಳೂರು ಮಂಕಿ ಟಾಪ್, ಗಾಥಿಕ್ ಮೂಲ. ಕೆಟ್ಟಿರೋದು ಮೂರು ಹಲಗೆಯ ತುದಿ ಮಾತ್ರ. ಅವನ್ನು ಕೀಳೋ ಮುಂಚೆ ರಟ್ಟಿನ ಮೇಲೆ ಕೊರೆತದ ಅಚ್ಚು ತೆಗೆದಿಟ್ಟುಕೊಂಡರೆ, ಹೊಸ ತೇಗದಲ್ಲಿ ಅದನ್ನೇ ಕೊರೆಸಬಹುದು. ಆ ಮಾಡು ಬರೀ ಚೆಂದಕ್ಕಲ್ಲ. ಘಟ್ಟದಿಂದ ಓರೆಯಾಗಿ ಹೊಡೆಯುವ ಮಳೆಯನ್ನು ಗೋಡೆಯಿಂದ ಆಚೆ ಎಸೆಯುತ್ತೆ. ಅದನ್ನು ತೆಗೆದರೆ ಯುಪಿವಿಸಿ ಕಿಟಕಿ ಗಟ್ಟಿಯಾಗಿಯೇ ಇರುತ್ತೆ, ನೆನೆಯೋದು ಗೋಡೆ.