ಡಾಂಬರು ರಸ್ತೆ ಕಾಮಗಾರಿಯಲ್ಲಿ ಹಳೆಯ ಕಾಂಕ್ರೀಟಿನ ಮರುಬಳಕೆ

ಕಟ್ಟಡಗಳನ್ನು ಕೆಡವಿದಾಗ ದೊರೆಯುವ ಕಾಂಕ್ರೀಟನ್ನು ಯಂತ್ರದಲ್ಲಿ ಒಡೆದು, ಕಬ್ಬಿಣವನ್ನು ಬೇರ್ಪಡಿಸಿ, ಜರಡಿ ಹಿಡಿದು ರಸ್ತೆ ಕಾಮಗಾರಿಗೆ ಜಲ್ಲಿಯಾಗಿ ಬಳಸಬಹುದಾಗಿದೆ. ಈ ಕುರಿತು ಭಾರತೀಯ ರಸ್ತೆ ಕಾಂಗ್ರೆಸ್ 2017ರಲ್ಲಿ ಮಾರ್ಗಸೂಚಿಯನ್ನು (ಐಆರ್‌ಸಿ 121) ಪ್ರಕಟಿಸಿದೆ.

ಇಂತಹ ಜಲ್ಲಿಗೆ ಹಳೆಯ ಸಿಮೆಂಟ್ ಗಾರೆ ಅಂಟಿಕೊಂಡಿರುತ್ತದೆ. ಗಾರೆಯಲ್ಲಿ ಸೂಕ್ಷ್ಮ ರಂಧ್ರಗಳಿರುವುದರಿಂದ ಅದು ನೀರನ್ನೂ ಡಾಂಬರನ್ನೂ ಅಧಿಕವಾಗಿ ಹೀರುತ್ತದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ತಾಂತ್ರಿಕ ನಿರ್ದಿಷ್ಟತೆಯಂತೆ ಡಾಂಬರು ಪದರದ ಜಲ್ಲಿಯು ಹೀರುವ ನೀರು ಶೇ. 2ನ್ನು ಮೀರತಕ್ಕದ್ದಲ್ಲ. ಆದುದರಿಂದ ಸದರಿ ಜಲ್ಲಿಯು ಡಾಂಬರಿನ ಕೆಳಗಿನ ತಳಪದರಗಳಿಗೆ ಹೆಚ್ಚು ಸೂಕ್ತವಾಗಿರುತ್ತದೆ. ಡಾಂಬರು ಮಿಶ್ರಣದಲ್ಲಿ ಹೊಸ ಜಲ್ಲಿಯೊಡನೆ ಸೇರಿಸುವುದಾದರೆ ಪ್ರಯೋಗಾಲಯ ಪರೀಕ್ಷೆಯ ನಂತರವೇ ಬಳಸತಕ್ಕದ್ದು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು:

1. ಕಟ್ಟಡ ಕೆಡವುವಾಗ ಕಾಂಕ್ರೀಟ್, ಇಟ್ಟಿಗೆ ಮತ್ತು ಗಾರೆ, ಕಬ್ಬಿಣ, ಮರ, ಪ್ಲಾಸ್ಟಿಕ್ ಹಾಗೂ ಮಣ್ಣನ್ನು ಬೇರೆ ಬೇರೆಯಾಗಿ ಇರಿಸುವುದು.

2. ಕಾಂಕ್ರೀಟಿನೊಡನೆ ಜಿಪ್ಸಂ ಹಲಗೆ, ಬಣ್ಣದ ಡಬ್ಬಿ ಅಥವಾ ಮನೆಯ ಕಸವನ್ನು ಬೆರೆಸಬಾರದು. ಹೀಗೆ ಬೆರೆತ ಕಾಂಕ್ರೀಟ್ ರಸ್ತೆಗೆ ಉಪಯೋಗಕ್ಕೆ ಬಾರದೆ ಹೋಗಬಹುದು.

3. ತ್ಯಾಜ್ಯವನ್ನು ಸ್ಥಳೀಯ ಸಂಸ್ಥೆಯು ಗುರುತಿಸಿದ ಸ್ಥಳಕ್ಕೆ ತಲುಪಿಸುವುದು. ರಾಜಕಾಲುವೆ ಅಥವಾ ಕೆರೆಯಂಗಳದಲ್ಲಿ ಸುರಿದಲ್ಲಿ ಮಳೆನೀರಿನ ಹರಿವಿಗೆ ತಡೆಯಾಗಿ ತಗ್ಗು ಪ್ರದೇಶದ ಮನೆಗಳಿಗೆ ನೀರು ನುಗ್ಗುವ ಸಂಭವವಿರುತ್ತದೆ.