ನಾಗವಲ್ಲಿ ನಮ್ಮೂರಿಗೆ ಬಂದ ಶರದೃತು

ಕನ್ನಡದ ಭಯಾನಕ ಚಿತ್ರಗಳ ಚರಿತ್ರೆಯನ್ನು ಬರೆಯುವವರು 2004ರ ಶರದೃತುವಿನಲ್ಲಿ ಕೊಂಚ ನಿಲ್ಲಲೇಬೇಕು. ‘ಆಪ್ತಮಿತ್ರ’ ತೆರೆಕಂಡದ್ದು ಆ ವರ್ಷದ ಆಗಸ್ಟ್ 27ರಂದು. ನವರಾತ್ರಿ ಕಳೆದು ದೀಪಾವಳಿ ಬಂದರೂ ಅರಸೀಕೆರೆ, ಬೇಲೂರು ಸೀಮೆಯಲ್ಲಿ ಬೇರೆ ಚಿತ್ರದ ಮಾತೇ ಇರಲಿಲ್ಲ. ಪರಭಾಷಾ ಚಿತ್ರಗಳು ಏಳು ವಾರ ತಡವಾಗಿ ಬರಲಿ ಎಂದು ಕನ್ನಡ ಚಿತ್ರೋದ್ಯಮವು ಪಟ್ಟು ಹಿಡಿದಿದ್ದ ಕಾಲವದು. ಆಗ ನಮ್ಮ ಚಿತ್ರಮಂದಿರಗಳನ್ನು ತುಂಬಿಸಿದ್ದು ಮಲಯಾಳದಿಂದ ಬಂದ ಕಥೆ!

ಮೂಲವು ಫಾಜಿಲ್ ಅವರ 1993ರ ‘ಮಣಿಚಿತ್ರತ್ತಾಳ್’. ಅದರ ಅಭಿನಯಕ್ಕೆ ಶೋಭನಾ ರಾಷ್ಟ್ರಪ್ರಶಸ್ತಿ ಪಡೆದರು. ಕನ್ನಡದಲ್ಲಿ ದ್ವಾರಕೀಶ್ ನಿರ್ಮಿಸಿದರು, ಪಿ. ವಾಸು ನಿರ್ದೇಶಿಸಿದರು, ವಿಷ್ಣುವರ್ಧನ್ ಮನೋವೈದ್ಯರಾದರು. ಗಂಗಾ ಪಾತ್ರದ ಸೌಂದರ್ಯ ಬಿಡುಗಡೆಗೆ ನಾಲ್ಕು ತಿಂಗಳು ಮೊದಲೇ, ಏಪ್ರಿಲ್ 17ರಂದು, ಬೆಂಗಳೂರಿನ ವಿಮಾನ ದುರಂತದಲ್ಲಿ ತೀರಿಕೊಂಡಿದ್ದರು. ಇಲ್ಲವಾದವಳೇ ಪರದೆಯ ಮೇಲೆ ಗೆಜ್ಜೆ ಕಟ್ಟಿ ಬಂದಾಗ ಆದ ನಡುಕ ಮಲಯಾಳದ ಪ್ರೇಕ್ಷಕರಿಗೆ ಆಗಿರಲಾರದು.

ನಮ್ಮ ಸೀಮೆಗೆ ಭಯಾನಕ ರಸ ಹೊಸದೇನಲ್ಲ. ಹಳೇಬೀಡಿನ ಪ್ರವಾಸದಲ್ಲಿ ಭೈರವನ ಜೊತೆಗಿದ್ದ ಎಲುಬಿನ ಬೇತಾಳಗಳನ್ನು ತೋರಿಸಿದಾಗ ನೀವೆಲ್ಲ ನಕ್ಕದ್ದು ನೆನಪಿದೆ. ನಾಗವಲ್ಲಿಯನ್ನು ನೋಡಿ ಯಾರೂ ನಗಲಿಲ್ಲ. ಏಕೆಂದರೆ ಅವಳು ಮನೆಯೊಳಗಿನ ಸೊಸೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತ ನಿಜವಾದ ಪ್ರೇತವೇ ಆಗಿತ್ತು. ಇಲ್ಲಿಯಾದರೋ ಅದು ಕಾಯಿಲೆ, ಗುಣಪಡಿಸಬಹುದಾದ ಕಾಯಿಲೆ. ಮಂತ್ರವಾದಿಯೂ ಕಥೆಯಲ್ಲಿದ್ದಾನೆ, ನಿಜ. ಆದರೆ ವೈದ್ಯನು ಹೇಳಿದಂತೆ ನಡೆಯುತ್ತಾನೆ. ಇದನ್ನು ನಾನು ದೊಡ್ಡ ಸಂಗತಿಯೆಂದೇ ಎಣಿಸುತ್ತೇನೆ.

ಊರು ಮಾತ್ರ ಕಥೆಯ ಅರ್ಥವನ್ನು ಬಿಟ್ಟು ಹೆಸರನ್ನು ಹಿಡಿದುಕೊಂಡಿತು. ಒಂಬತ್ತನೆಯ ತರಗತಿಯಲ್ಲಿ ಆಗಾಗ ಮೂರ್ಛೆ ಹೋಗುತ್ತಿದ್ದ ಹುಡುಗಿಯೊಬ್ಬಳಿದ್ದಳು. ಮನೆಯವರು ಅವಳಿಗೆ ತಾಯಿತ ಕಟ್ಟಿಸಿದ್ದರು. ಆ ದಸರೆ ರಜೆ ಮುಗಿಯುವಷ್ಟರಲ್ಲಿ ಅವಳಿಗೆ ‘ನಾಗವಲ್ಲಿ’ ಎಂಬ ಹೆಸರು ಬಿದ್ದಿತ್ತು. ಪಾಠ ನಿಲ್ಲಿಸಿ, ಚಿತ್ರದ ಕೊನೆಯಲ್ಲಿ ವೈದ್ಯನು ಹೇಳುವುದೇನೆಂದು ತರಗತಿಯನ್ನೇ ಕೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಮಾತ್ರ ಸರಿಯಾಗಿ ಉತ್ತರಿಸಿದ. ಹೆಸರು ಕರೆಯುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಅವಳು ಶಾಲೆ ಬಿಟ್ಟಳು. ಅಂದು ಆ ತರಗತಿಯಲ್ಲಿದ್ದ ಕೆಲವರು ಇದನ್ನು ಓದುತ್ತಿದ್ದೀರಿ. ಅವಳ ಸುದ್ದಿ ಬಲ್ಲವರು ನನಗೆ ತಿಳಿಸಿರಿ.

ಮುಂದೆ ‘ಶಾಪ’ದ ಕಥೆಯೂ ಹುಟ್ಟಿತು. 2009ರ ಡಿಸೆಂಬರ್ 30ರಂದು ವಿಷ್ಣುವರ್ಧನ್ ನಿಧನರಾದರು. ನಾಗವಲ್ಲಿಯ ಕಥೆಯನ್ನೇ ಮುಂದುವರಿಸಿದ್ದ ‘ಆಪ್ತರಕ್ಷಕ’ 2010ರಲ್ಲಿ, ಅವರಿಲ್ಲದೆ ತೆರೆಕಂಡಿತು. ಜನರಿಗೆ ಇಷ್ಟು ಸಾಕಾಯಿತು. ಓದಿಕೊಂಡವರೂ ಇದನ್ನು ದನಿ ತಗ್ಗಿಸಿ ಹೇಳಿದ್ದನ್ನು ಕೇಳಿದ್ದೇನೆ. ನಾಗವಲ್ಲಿಯನ್ನು ಕನ್ನಡಕ್ಕೆ ಕರೆತಂದ ದ್ವಾರಕೀಶರಾದರೋ 2024ರ ಏಪ್ರಿಲ್‌ವರೆಗೆ, 81 ವರ್ಷ ತುಂಬಿ ಬಾಳಿದರು. ವಾಸು ಅವರು 2023ರಲ್ಲಿಯೂ ತಮಿಳಿನಲ್ಲಿ ‘ಚಂದ್ರಮುಖಿ 2’ ಮಾಡಿದರು.