ಗೆದ್ದ ಮೇಲಿನ ಅರ್ಧ ನಿಮಿಷ

ಇತಿಹಾಸ ಕಲಿಸುವ ಟೀಚರಿಗೂ ಕರಾಟೆಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಹೆಣ್ಣುಮಕ್ಕಳ ತಂಡ ಊರು ಬಿಟ್ಟು ಹೊರಟರೆ ಜೊತೆಗೊಬ್ಬ ಶಿಕ್ಷಕಿ ಇರಬೇಕು. ಆ ವರ್ಷ ನಮ್ಮ ದೇವದುರ್ಗದ ಶಾಲೆಯಲ್ಲಿ ಒಲ್ಲೆ ಎನ್ನಲು ಕಾರಣ ಹೊಳೆಯದೆ ಸಿಕ್ಕಿಬಿದ್ದವಳು ನಾನು. ಐದು ಹುಡುಗಿಯರು, ಒಂದು ಚೀಲ ಬಿಳಿ ಡ್ರೆಸ್ಸು, ಒಂದು ಗಂಟು ಜೋಳದ ರೊಟ್ಟಿ, ಶೇಂಗಾ ಹಿಂಡಿ. ಇಷ್ಟು ಕಟ್ಟಿಕೊಂಡು ಬೆಳಗಿನ ಬಸ್ಸು ಹಿಡಿದು ಗಬ್ಬೂರಿನ ಮೇಲೆ ರಾಯಚೂರಿಗೆ ಹೊರಟೆವು.

ದಾರಿಯಲ್ಲಿ ನಮ್ಮ ದೈಹಿಕ ಶಿಕ್ಷಕರು ಪಾಠ ಹೇಳುತ್ತಲೇ ಇದ್ದರು. ಉಗುರು ತೆಗೆದಿರಬೇಕು. ಮ್ಯಾಟಿನ ಮೇಲೆ ಕಾಲಿಡುವಾಗ ತಲೆ ಬಾಗಿಸಬೇಕು, ಎದುರಾಳಿಗೆ ಬಾಗಬೇಕು, ಮುಗಿದ ಮೇಲೆ ಮತ್ತೆ ಬಾಗಬೇಕು. ರೆಫ್ರಿ ಏನು ಹೇಳಿದರೂ ಎದುರು ಮಾತಿಲ್ಲ. ಮುಖಕ್ಕೆ ಜೋರಾಗಿ ಗುದ್ದಿದರೆ ಅಂಕ ಸಿಗುವುದಿಲ್ಲ, ತಪ್ಪು ಹಾಕುತ್ತಾರೆ. ಈ ಕೊನೆಯ ಮಾತು ಕೇಳಿ ನನಗೆ ಸೋಜಿಗವಾಯಿತು. ಹೊಡೆಯುವ ಆಟದಲ್ಲಿ ಹೊಡೆತವನ್ನು ಹಿಡಿದು ನಿಲ್ಲಿಸುವವರಿಗೆ ಅಂಕ! ಕೂಡು ಮನೆಯ ಸೊಸೆಯರು ಮಾತಿನಲ್ಲಿ ಮಾಡುವುದೂ ಇದನ್ನೇ, ಅದಕ್ಕೆ ಮಾತ್ರ ಯಾರೂ ಪದಕ ಕೊಡುವುದಿಲ್ಲ ಎಂದುಕೊಂಡು ಒಳಗೊಳಗೇ ನಕ್ಕೆ.

ಮಧ್ಯಾಹ್ನದ ಹೊತ್ತಿಗೆ ನಮ್ಮ ಎತ್ತರದ ಹುಡುಗಿಗೂ ಮಾನ್ವಿಯ ಒಬ್ಬ ಸಣಕಲು ಹುಡುಗಿಗೂ ಪಂದ್ಯ ಬಿತ್ತು. ನಮ್ಮವಳು ಗೆದ್ದಳು. ಗೆದ್ದವಳು ಸುಮ್ಮನಿರದೆ ಎರಡು ಸಲ ಕುಣಿದು, ಮಾನ್ವಿಯ ಹುಡುಗಿ ಕಾಲು ಜಾರಿ ಬಿದ್ದಿದ್ದನ್ನು ಅಣಕಿಸಿ ತಾನೂ ಹಾಗೇ ಬಿದ್ದು ತೋರಿಸಿದಳು. ನಮ್ಮ ತಂಡವೆಲ್ಲ ಗೊಳ್ಳೆಂದು ನಕ್ಕಿತು. ದೈಹಿಕ ಶಿಕ್ಷಕರು ಆಗ ಇನ್ನೊಂದು ಮ್ಯಾಟಿನ ಹತ್ತಿರ ಇದ್ದರು. ನಾನು ಇಲ್ಲೇ ಇದ್ದೆ. ನಾನೂ ನಕ್ಕೆ, ಚಪ್ಪಾಳೆ ಹೊಡೆದೆ. ಸೋತವಳು ತಲೆಬಾಗಿಸಲು ಕಾದು ನಿಂತೇ ಇದ್ದಳು. ನಮ್ಮವಳು ಅರ್ಧ ಬಾಗಿ ಓಡಿ ಬಂದಳು. ಸಂಜೆ ಎಲ್ಲರಿಗೂ ಮಂಡಾಳ ಒಗ್ಗರಣೆ, ಮಿರ್ಚಿ ಕೊಡಿಸಿದೆ. ಮರುದಿನಕ್ಕೆ ಎಲ್ಲ ಮರೆತೆ.

ಮುಂದಿನ ವರ್ಷ ನನಗೆ ಮಾನ್ವಿಗೆ ವರ್ಗವಾಯಿತು.

ಒಂಬತ್ತನೆಯ ತರಗತಿಗೆ ವಿಜಯನಗರದ ಪಾಠ ಬಂದಿತ್ತು. ಈ ಪಾಠ ಬಂದರೆ ನನಗೆ ಹುಮ್ಮಸ್ಸು. ನಮ್ಮ ಕೃಷ್ಣಾ-ತುಂಗಭದ್ರೆಯರ ನಡುವಿನ ನೆಲಕ್ಕಾಗಿ ತಾನೆ ಅಷ್ಟು ರಕ್ತ ಹರಿದದ್ದು. ಕೃಷ್ಣದೇವರಾಯ ಬರೀ ಸಿಂಹಾಸನದ ಮೇಲೆ ಕುಳಿತ ಅರಸನಲ್ಲ, ಪೈಲ್ವಾನನೂ ಹೌದು ಎಂದು ಹೇಳಿದೆ. ಅವನನ್ನು ಕಣ್ಣಾರೆ ಕಂಡ ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಬರೆದಿಟ್ಟಿದ್ದಾನೆ: ರಾಯ ಬೆಳಕು ಹರಿಯುವ ಮುಂಚೆ ಎದ್ದು ಎಳ್ಳೆಣ್ಣೆ ಕುಡಿಯುತ್ತಿದ್ದ, ಮೈಗೂ ಅದನ್ನೇ ತಿಕ್ಕಿಸಿಕೊಂಡು, ಭಾರ ಎತ್ತಿ, ಕತ್ತಿ ತಿರುಗಿಸಿ, ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ತನ್ನ ಜಟ್ಟಿಯೊಬ್ಬನ ಜೊತೆ ಕುಸ್ತಿ ಹಿಡಿಯುತ್ತಿದ್ದ. ಮುಂದೆ ಬಂದ ನೂನಿಜ್ ಎಂಬ ಕುದುರೆ ವ್ಯಾಪಾರಿ, ಆ ಅರಮನೆಯಲ್ಲಿ ಕುಸ್ತಿ ಆಡುವ ಹೆಂಗಸರೂ ಇದ್ದರು ಎಂದು ಬರೆದ. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗಿಯರೂ ನೆಟ್ಟಗಾದರು.

1520ರ ರಾಯಚೂರು ಕಾಳಗದಲ್ಲಿ ಮೊದಲು ಬಿಜಾಪುರದ ಆದಿಲ್‌ಶಾಹಿಯ ತೋಪುಗಳಿಗೆ ಬೆದರಿ ರಾಯನ ಸೇನೆಯೇ ಹಿಂದೆ ಸರಿಯಿತು. ಆಮೇಲೆ ಅರಸ ತಾನೇ ಮುನ್ನುಗ್ಗಿದ, ಶತ್ರುಗಳು ಓಡಿ ಕೃಷ್ಣೆಗೆ ಬಿದ್ದರು. ನನಗೆ ಮುಖ್ಯವೆನಿಸುವುದು ಆ ನಂತರದ್ದು. ಬೆನ್ನಟ್ಟಿ ಎಲ್ಲರನ್ನೂ ಮುಗಿಸೋಣ ಎಂದ ಸರದಾರರನ್ನು ರಾಯ ತಡೆದನಂತೆ. ಸಾಯಬೇಕಿಲ್ಲದ ಮಂದಿ ಬಹಳ ಸತ್ತಾಯಿತು, ತಪ್ಪು ಮಾಡಿದ ದೊರೆಗೆ ಶಾಸ್ತಿಯೂ ಆಯಿತು ಎಂಬುದು ಅವನ ಮಾತಿನ ಸಾರ. ರಾಯಚೂರು ಕೋಟೆ ಕೈಗೆ ಬಂದಾಗ ಊರಿನವರಿಗೆ ಅಭಯ ಕೊಟ್ಟ, ಲೂಟಿಗೆ ಇಳಿದವರನ್ನು ತಡೆಸಿದ. ಇವೆಲ್ಲ ನೂನಿಜ್ ಬರೆದದ್ದೇ. ಆದರೆ ಅದೇ ನೂನಿಜ್ ಇದನ್ನೂ ಬರೆದ: ಕೆಲ ದಿನಗಳ ಮೇಲೆ ಆದಿಲ್‌ಶಹನ ದೂತ ಬಂದು ಕಳೆದುಕೊಂಡದ್ದನ್ನು ಮರಳಿ ಕೇಳಿದಾಗ ರಾಯ, ನಿಮ್ಮ ದೊರೆ ಬಂದು ನನ್ನ ಪಾದಕ್ಕೆ ಮುತ್ತಿಡಲಿ, ಎಲ್ಲ ಕೊಡುತ್ತೇನೆ ಎಂದ. ಅದಕ್ಕಾಗಿ ನಮ್ಮ ಮುದಗಲ್ಲಿನ ತನಕ ಹೋಗಿ ಕಾದ. ಶಹ ಬರಲಿಲ್ಲ. ರಾಯ ಸಿಟ್ಟಿನಿಂದ ಬಿಜಾಪುರಕ್ಕೇ ನುಗ್ಗಿದ, ಆ ಚೆಲುವಾದ ಊರು ಹಾಳಾಯಿತು.

"ಗೆದ್ದಿದ್ದ ಅಲ್ರೀ ಟೀಚರ್, ಮತ್ತ ಕಾಲು ಯಾಕ ಮುಟ್ಟಿಸ್ಕೊಬೇಕಿತ್ತು?"

ಕೇಳಿದವಳು ಕಿಟಕಿ ಪಕ್ಕದ ಸಣಕಲು ಹುಡುಗಿ. ಆ ಮುಖವನ್ನು ಎಲ್ಲೋ ನೋಡಿದ್ದೆ. ಎಲ್ಲಿ ಎಂದು ನೆನಪಾದಾಗ ಕೈಯಲ್ಲಿದ್ದ ಸುಣ್ಣದ ಕಡ್ಡಿ ಮೇಜಿನ ಮೇಲಿಟ್ಟೆ. ಏನೋ ಉತ್ತರ ಹೇಳಿದೆ, ಏನೆಂದು ಈಗ ನೆನಪಿಲ್ಲ.

ವಿಚಾರಿಸಿದರೆ ಅವಳು ಕರಾಟೆ ಬಿಟ್ಟು ವರ್ಷವಾಗಿತ್ತು. ಸರ್ಕಾರಿ ಶಾಲೆಯ ಹೆಣ್ಣುಮಕ್ಕಳಿಗೆ ರಾಣಿ ಲಕ್ಷ್ಮೀಬಾಯಿಯ ಹೆಸರಿನಲ್ಲಿ ಕೊಡುವ ಆತ್ಮರಕ್ಷಣೆಯ ತರಬೇತಿಗೂ ಹೊಟ್ಟೆನೋವಿನ ನೆವ ಹೇಳಿ ಹೊರಗೆ ಕೂರುತ್ತಿದ್ದಳು. ಯಾಕೆ ಎಂದರೆ, "ಸೋತಿದ್ದಕ್ಕಲ್ರಿ. ನಕ್ಕರು," ಎಂದಳು. ಅಷ್ಟೇ.

ನಕ್ಕವರಲ್ಲಿ ನಾನೂ ಇದ್ದೆ ಎಂದು ಅವಳಿಗೆ ಹೇಳಲು ನನಗೆ ಎಂಟು ದಿನ ಬೇಕಾದವು. ಇಪ್ಪತ್ತೈದು ವರ್ಷ ಮಕ್ಕಳ ಕೈಲಿ ತಪ್ಪಾಯಿತು ಎನ್ನಿಸಿದವಳಿಗೆ ಆ ಮಾತು ತಾನು ಆಡುವುದು ಎಷ್ಟು ಕಷ್ಟ! ಕೊನೆಗೆ ನಳದ ಹತ್ತಿರ ಒಬ್ಬಳೇ ಸಿಕ್ಕಾಗ ಹೇಳಿದೆ. ಅವಳು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ, "ಗೊತ್ತೈತ್ರಿ ಟೀಚರ್. ನೀವು ಹಸರು ಸೀರಿ ಉಟ್ಟಿದ್ರಿ," ಎಂದಳು.

ಅವತ್ತಿನಿಂದ ಈ ವಿದ್ಯೆಗಳ ಬಗ್ಗೆ ಓದತೊಡಗಿದೆ. ಓದಿದಷ್ಟೂ ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. 1882ರಲ್ಲಿ ಜೂಡೋ ಕಟ್ಟಿದ ಜಿಗೊರೊ ಕಾನೊ ವೃತ್ತಿಯಿಂದ ಶಿಕ್ಷಕ. ಟೋಕಿಯೋದಲ್ಲಿ ಶಿಕ್ಷಕರನ್ನು ತಯಾರು ಮಾಡುವ ದೊಡ್ಡ ಶಾಲೆಗೆ ಬಹು ವರ್ಷ ಮುಖ್ಯಸ್ಥರಾಗಿದ್ದವರು, ಎಂದರೆ ನಮ್ಮ ಬಿ.ಎಡ್. ಕಾಲೇಜಿನ ಪ್ರಿನ್ಸಿಪಾಲರಿದ್ದಂತೆ. ಕರಾಟೆಯನ್ನು ಒಕಿನಾವಾದಿಂದ ಟೋಕಿಯೋಗೆ ತಂದ ಗಿಚಿನ್ ಫುನಕೋಶಿ ಕೂಡ ಪ್ರಾಥಮಿಕ ಶಾಲೆಯ ಮಾಸ್ತರು. ಕರಾಟೆ ಶುರುವಾಗುವುದೂ ಮುಗಿಯುವುದೂ ನಮಸ್ಕಾರದಿಂದಲೇ ಎಂಬುದು ಅವರು ಹಾಕಿದ ಮೊದಲ ಕಟ್ಟಳೆ. ನಾನು ಅದನ್ನು ಬರೀ ಶಾಸ್ತ್ರಕ್ಕೆ ಮಾಡುವ ಬಗ್ಗುವಿಕೆ ಎಂದುಕೊಂಡಿದ್ದೆ. ನಮ್ಮಲ್ಲಿ ಇದು ಇಲ್ಲವೆಂದೇನಲ್ಲ. ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಕುಸ್ತಿ ನೋಡಿದವರಿಗೆ ಗೊತ್ತು, ಕಣಕ್ಕಿಳಿದ ಪೈಲ್ವಾನ ಮೊದಲು ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಾನೆ, ಎದುರಿನವನಿಗೆ ಸಲಾಮಿ ಕೊಟ್ಟೇ ಹಿಡಿಯುತ್ತಾನೆ.

1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಜೂಡೋ ಮೊದಲ ಸಲ ಸೇರಿತು. ತೂಕದ ಮಿತಿ ಇಲ್ಲದ ವಿಭಾಗದ ಕೊನೆಯ ಪಂದ್ಯದಲ್ಲಿ ಜಪಾನಿನ ಅಕಿಯೊ ಕಮಿನಾಗ ಎದುರು ಹಾಲೆಂಡಿನ ಆರಡಿ ಮೀರಿದ ಆಂಟನ್ ಹೇಸಿಂಕ್. ಸಭಾಂಗಣದ ತುಂಬ ಜಪಾನೀಯರು. ಹೇಸಿಂಕ್ ಎದುರಾಳಿಯನ್ನು ಕೆಡವಿ, ನಿಯಮದಂತೆ ಅರ್ಧ ನಿಮಿಷ ನೆಲಕ್ಕೆ ಒತ್ತಿ ಹಿಡಿದು ಗೆದ್ದ. ಜಪಾನೀಯರು ದಂಗಾಗಿ ಕುಳಿತರು. ಅವನ ದೇಶದವರು ಕೇಕೆ ಹಾಕುತ್ತ ಮ್ಯಾಟಿನ ಮೇಲೆ ನುಗ್ಗಿ ಬಂದರು. ಹೇಸಿಂಕ್ ಇನ್ನೂ ಪೂರ್ತಿ ಮೇಲೆದ್ದಿರಲಿಲ್ಲ, ಕೈ ಎತ್ತಿ ಅವರನ್ನು ಅಲ್ಲೇ ತಡೆದ. ಎದ್ದು ಬಟ್ಟೆ ಸರಿಮಾಡಿಕೊಂಡು ಕಮಿನಾಗನಿಗೆ ಬಾಗಿದ. ಅವನನ್ನು ಜಪಾನೀಯರು ಕೊನೆಯವರೆಗೂ ನೆನೆಸಿದ್ದು ಬಲಕ್ಕಿಂತ ಹೆಚ್ಚಾಗಿ ಆ ಎತ್ತಿದ ಕೈಗಾಗಿ. ನಾನು ರಾಯಚೂರಿನಲ್ಲಿ ಎತ್ತಬೇಕಿದ್ದ ಕೈ ಅದು. ಅಣಕಿಸಿದ ಹುಡುಗಿಗೆ ಹದಿಮೂರು ವರ್ಷ, ನನಗೆ ಐವತ್ತು.

ಈ ಕಥೆಯನ್ನು ಅವಳಿಗೆ ಹೇಳಿದೆ. ಅವಳು ಏನೂ ಹೇಳಲಿಲ್ಲ, ಆದರೆ ಮುಂದಿನ ವಾರ ಹೊಟ್ಟೆನೋವು ಬರಲಿಲ್ಲ. ಅವಳ ತಾಯಿ ಹೆದರಿದ್ದರು: "ಮತ್ತ ಅತ್ಕೊಂತ ಬಂದ್ರ ಏನ್ ಮಾಡ್ಲಿ ಟೀಚರಮ್ಮಾ?" ನಾನೆಂದೆ, ಬಾಗಿಲಲ್ಲೇ ಗೆದ್ದಿಯಾ ಸೋತಿಯಾ ಎಂದು ಕೇಳಬೇಡಿ, ಊಟ ಮಾಡಿದಿಯಾ ಎಂದು ಕೇಳಿ, ಉಳಿದದ್ದು ತಾನೇ ಹೇಳುತ್ತಾಳೆ.

ಹತ್ತನೆಯ ತರಗತಿಯಲ್ಲಿ ಮತ್ತೆ ರಾಯಚೂರಿಗೆ ಹೋದೆವು. ಹಿಂದಿನ ರಾತ್ರಿ ಅವಳಿಗೆ ನಿದ್ದೆ ಬಂದಿರಲಿಲ್ಲ. ಹೆದರಿಕೆಯಾಗುತ್ತದೆ ಎಂದಳು. ಎದುರಿನವಳಿಗೂ ಆಗುತ್ತಿರುತ್ತದೆ ಎಂದೆ. ಅದು ಅವಳಿಗೆ ಹೊಸ ಸುದ್ದಿಯಾಗಿತ್ತು. ಮೊದಲ ಪಂದ್ಯ ಗೆದ್ದಳು. ನಮ್ಮ ಹುಡುಗಿಯರು ಕೂಗಿ ಏಳುವುದರಲ್ಲಿದ್ದರು, ನಾನು ಕೈ ಅಡ್ಡ ಹಿಡಿದೆ. ಸೋತವಳ ಬೆಲ್ಟು ಬಿಚ್ಚಿಹೋಗಿತ್ತು, ಕೈ ನಡುಗಿ ಗಂಟು ಕೂಡುತ್ತಿರಲಿಲ್ಲ. ಇವಳು ಕೈ ಇಳಿಬಿಟ್ಟು, ಆಕೆ ಕಟ್ಟಿ ಮುಗಿಸುವವರೆಗೆ ಕಾದು ನಿಂತು, ಆಮೇಲೆ ಬಾಗಿದಳು. ಆಕೆಯೂ ಬಾಗಿದಳು.

ಎರಡನೆಯ ಪಂದ್ಯದಲ್ಲಿ ಸೋತಳು. ಒಂದು ತೀರ್ಪು ನನಗೆ ಸರಿ ಕಾಣಲಿಲ್ಲ, ಸೆರಗು ಬಾಯಿಗೊತ್ತಿ ಸುಮ್ಮನೆ ಕುಳಿತೆ.

ಬರುವಾಗ ಕಲ್ಲೂರು ದಾಟುವವರೆಗೂ ಅವಳು ಕಿಟಕಿಯ ಆಚೆ ನೋಡುತ್ತಿದ್ದಳು. ಅಳುತ್ತಿದ್ದಾಳೇನೋ ಎಂದು ನಾನು ಮಾತಾಡಿಸಲಿಲ್ಲ. ಆಮೇಲೆ ಇತ್ತ ತಿರುಗಿ, "ಟೀಚರ್, ಮುಂಜಾಲಿ ರೊಟ್ಟಿ ಇನ್ನ ಉಳದಾವೇನ್ರಿ?" ಎಂದಳು. ಎರಡು ಉಳಿದಿದ್ದವು.